ಎತ್ತಿದವರು, ಎತ್ತಿಸಿಕೊಂಡವನು



ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದಕ್ಕೆ ಕೃತಜ್ಞತೆಗಳು. ವೇದಿಕೆಗೆ ಇಳಿಜಾರು ಹಾದಿ ಮಾಡಿಸಿದವರಿಗೆ ಇನ್ನೊಂದು ಪಟ್ಟು ಕೃತಜ್ಞತೆ. ನಾನು ಪೋಲಿಯೊ ತಗುಲಿದ ಮನುಷ್ಯ. ಈವರೆಗೆ ಏರಿದ ಎಷ್ಟೋ ವೇದಿಕೆಗಳಿಗೆ ನಾಲ್ಕು ಜನ ನನ್ನನ್ನು ಕುರ್ಚಿ ಸಮೇತ ಎತ್ತಿ ಏರಿಸಿದ್ದಾರೆ. ಹಾರ ಹಾಕಿಸಿಕೊಂಡ ಫೋಟೊಗಳು ಮನೆಯಲ್ಲಿವೆ. ಎತ್ತಿಸಿಕೊಂಡ ಫೋಟೊ ಒಂದೂ ಇಲ್ಲ. ಫೋಟೊಗೆ ಸಿಗದ ಅಂಥ ಗಳಿಗೆಗಳನ್ನು ಅಧ್ಯಯನದ ಆಕರವಾಗಿಸುವ ವಿಧಾನದ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ.

ಅದನ್ನು ಆಟೋಎಥ್ನೋಗ್ರಫಿ ಎನ್ನುತ್ತಾರೆ. ನಾನು ಸ್ವಾನುಭವ ಅಧ್ಯಯನ ಎನ್ನುತ್ತೇನೆ. ಸಂಶೋಧಕ ತನ್ನ ಬದುಕನ್ನೇ ಕ್ಷೇತ್ರವಾಗಿಸಿಕೊಂಡು, ಅದರ ಮೂಲಕ ತನ್ನ ಸಮಾಜವನ್ನು ಓದುವ ಕ್ರಮ ಇದು. ಅಮೆಜಾನ್ ಕಾಡಿನ ಮುಂಡುರುಕು ಜನರನ್ನು ಅಧ್ಯಯನ ಮಾಡಿದ್ದ ಮಾನವಶಾಸ್ತ್ರಜ್ಞ ರಾಬರ್ಟ್ ಮರ್ಫಿ, ಬೆನ್ನುಹುರಿಯ ಗೆಡ್ಡೆಯಿಂದ ಕೈಕಾಲು ಸ್ವಾಧೀನ ತಪ್ಪುತ್ತ ಬಂದಾಗ ಅದನ್ನೂ ಒಂದು ಕ್ಷೇತ್ರಕಾರ್ಯವೆಂದೇ ಬಗೆದರು. 1987ರ 'ದಿ ಬಾಡಿ ಸೈಲೆಂಟ್' ಅದರ ಫಲ. ಅಂಗವಿಕಲನನ್ನು ಸಮಾಜ ರೋಗಿಯೆಂದೂ ಒಪ್ಪದೆ, ಆರೋಗ್ಯವಂತನೆಂದೂ ಒಪ್ಪದೆ ಹೊಸ್ತಿಲ ಮೇಲೆಯೇ ನಿಲ್ಲಿಸುತ್ತದೆ ಎಂಬುದು ಅವರ ಕಾಣ್ಕೆ.

ಸಮಾಜಶಾಸ್ತ್ರಜ್ಞ ಇರ್ವಿಂಗ್ ಜೋಲಾಗೆ ಪೋಲಿಯೊ ತಗುಲಿದ್ದರೂ ಊರುಗೋಲು ಹಿಡಿದು ನಡೆಯುತ್ತಿದ್ದರು. ಅಂಗವಿಕಲರಿಗೆಂದೇ ಕಟ್ಟಿದ ನೆದರ್ಲೆಂಡ್ಸ್‌ನ ಹೆಟ್ ಡಾರ್ಪ್ ಎಂಬ ವಸತಿಗೆ ಹೋದಾಗ ಬೇಕೆಂದೇ ಗಾಲಿಕುರ್ಚಿಯಲ್ಲಿ ಕುಳಿತರು. ಕುಳಿತದ್ದೇ ತಡ, ಎದುರಿನವರ ನಡವಳಿಕೆ ಬದಲಾಯಿತು. 1982ರ 'ಮಿಸ್ಸಿಂಗ್ ಪೀಸಸ್'ನಲ್ಲಿ ಅದರ ದಾಖಲೆಯಿದೆ. ದೇಹ ಅದೇ, ಗುರುತು ಬೇರೆ.

ನಮ್ಮಲ್ಲಿ ಕಾನೂನೂ ಗುರುತನ್ನು ಕಟ್ಟುತ್ತದೆ. 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ 7 ವಿಧದ ಅಂಗವೈಕಲ್ಯ 2016ರ ಕಾಯ್ದೆಯಲ್ಲಿ 21 ಆಯಿತು. ಥಲಸ್ಸೇಮಿಯಾ ಇದ್ದವರ ರಕ್ತ ಇದ್ದಂತೆಯೇ ಇತ್ತು. ಅವರ ಹೆಸರು ಮಾತ್ರ ಹೊಸ ಪಟ್ಟಿಗೆ ಸೇರಿತು. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು. ಆ ಲೆಕ್ಕ ಬೇಕೇ ಬೇಕು. ಆದರೆ ಸರ್ಕಾರಿ ಸವಲತ್ತಿಗೆ ಬೇಕಾದ ಶೇಕಡಾ 40ರ ಅಂಗವೈಕಲ್ಯದ ಗೆರೆ ದಾಟುತ್ತೇನೋ ಇಲ್ಲವೋ ಎಂದು ವೈದ್ಯರ ಮುಂದೆ ಕಾಲು ಚಾಚಿ ಕುಳಿತವನ ಎದೆಯ ಡವಡವವನ್ನು ಲೆಕ್ಕ ಹೇಳಲಾರದು.

'ಇದು ಆತ್ಮಕಥೆಯಲ್ಲವೇ?' ಎಂದು ಕೇಳುವವರಿದ್ದಾರೆ. 'ಊರುಕೇರಿ', 'ಗೌರ್ಮೆಂಟ್ ಬ್ರಾಹ್ಮಣ'ದಂಥ ದಲಿತ ಆತ್ಮಕಥೆಗಳನ್ನು ಓದಿದ ಕನ್ನಡಿಗರಿಗೆ ಒಬ್ಬನ ಅನುಭವವೂ ಸಮಾಜದ ಅರಿವೇ ಎಂದು ಬಿಡಿಸಿ ಹೇಳಬೇಕಿಲ್ಲ. ಸ್ವಾನುಭವ ಅಧ್ಯಯನಕ್ಕೆ ಇನ್ನೊಂದು ಹೊಣೆಯೂ ಇದೆ: ತನ್ನ ನೆನಪನ್ನೇ ಒರೆಗೆ ಹಚ್ಚುವುದು.

ನನ್ನದೇ ಉದಾಹರಣೆ ಕೊಡುತ್ತೇನೆ. ಹಿಂದೊಮ್ಮೆ ವೇದಿಕೆಗೆ ನನ್ನನ್ನು ಎತ್ತುವಾಗ ಆ ನಾಲ್ವರು ಬೇಸತ್ತು ಮುಖ ತಿರುಗಿಸಿದ್ದರು ಎಂದು ನಾನು ಟಿಪ್ಪಣಿ ಬರೆದಿಟ್ಟಿದ್ದೆ. ವರ್ಷಗಳ ನಂತರ ಅವರಲ್ಲೊಬ್ಬರನ್ನು ಹುಡುಕಿಕೊಂಡು ಹೋಗಿ ಕೇಳಿದೆ. "ಬೇಸರ ಅಲ್ಲ ಸಾರ್, ಭಯ. ಎಲ್ಲಿ ಎಡವಿ ನಿಮ್ಮನ್ನ ಬೀಳಿಸಿಬಿಡ್ತೀವೋ ಅಂತ ಮೆಟ್ಟಿಲು ನೋಡ್ತಿದ್ವಿ" ಎಂದರು. ನನ್ನ ಅವಮಾನ ಸುಳ್ಳಲ್ಲ, ಅವರ ಭಯವೂ ಸುಳ್ಳಲ್ಲ. ಎರಡನ್ನೂ ಹುಟ್ಟಿಸಿದ್ದು ಆ ಮೆಟ್ಟಿಲು. ನಾನೊಬ್ಬನೇ ಕುಳಿತು ಬರೆದಿದ್ದರೆ ಮೆಟ್ಟಿಲು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಎಚ್ಚರಗಳೂ ಬೇಕು. ನಮ್ಮ ಕಥೆಯಲ್ಲಿ ತಾಯಿ, ಹೆಂಡತಿ, ಗೆಳೆಯರು ಬರುತ್ತಾರೆ. ಅವರ ಒಪ್ಪಿಗೆಯಿಲ್ಲದೆ ಅವರ ಬದುಕನ್ನು ಬಯಲಿಗಿಡಬಾರದು. ಸಂಬಳ ಬರುವ ಮೇಷ್ಟರ ಅನುಭವ, ಶಾಲೆಯ ಮೆಟ್ಟಿಲನ್ನೇ ಹತ್ತದ ದೃಷ್ಟಿಹೀನ ಕೂಲಿ ಹೆಣ್ಣುಮಗಳ ಅನುಭವವಾಗದು. ಬರೆಯಲಾಗದವರು ಹೇಳಲಿ, ಸನ್ನೆ ಮಾಡಲಿ; ಬರೆದುಕೊಳ್ಳುವವರನ್ನು, ಸನ್ನೆಭಾಷೆ ಬಲ್ಲವರನ್ನು ವಿಶ್ವವಿದ್ಯಾಲಯಗಳು ಒದಗಿಸಲಿ.

ಮಾರ್ಗದರ್ಶಕರಲ್ಲಿ ನನ್ನದೊಂದು ವಿನಂತಿ. ವಿದ್ಯಾರ್ಥಿಯ ಮಹಾಪ್ರಬಂಧದಲ್ಲಿ 'ನಾನು' ಎಂಬ ಪದ ಕಂಡೊಡನೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಡಿ. 'ಈ ನಾನು ಯಾರು, ಆಗ ನಿನ್ನ ಪಕ್ಕದಲ್ಲಿ ಯಾರಿದ್ದರು, ಅವರನ್ನು ಕೇಳಿದೆಯಾ?' ಎಂದು ಅಂಚಿನಲ್ಲಿ ಬರೆಯಿರಿ. ಇಂದು ಈ ವೇದಿಕೆಯಿಂದ ನಾನು ನಾಲ್ಕು ಜನರ ತೋಳಿಗೆ ಭಾರವಾಗದೆ ಇಳಿಯುತ್ತೇನೆ. ಮನೆಗೆ ಹೋಗಿ ಅದನ್ನೂ ಟಿಪ್ಪಣಿ ಮಾಡಿಕೊಳ್ಳುತ್ತೇನೆ.