ಜೋಳಿಗೆಗೆ ಹಾಕಿದ ಮೇಲೆ

 

ಇಳಕಲ್ಲಿನ ಡಾ. ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟದ್ದು ನಿಮಗೆ ಗೊತ್ತು. ಕಾಳುಕಡಿ ಕೇಳಲಿಲ್ಲ, ಕಾಣಿಕೆ ಕೇಳಲಿಲ್ಲ. ಮನೆಮನೆಯ ದುಶ್ಚಟವನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟಿದ ದಿನ, ಆಗಸ್ಟ್ 1, ಇಂದು ನಾಡಿನಲ್ಲಿ ವ್ಯಸನಮುಕ್ತ ದಿನ.

ನನ್ನ ಪ್ರಶ್ನೆ ಅದರ ಮುಂದಿನದು. ಜೋಳಿಗೆಗೆ ಹಾಕಿ ಮನೆಗೆ ಬಂದೆವು. ಸಂಜೆ ಆರು ಗಂಟೆಗೆ ಕೈ ಏನು ಮಾಡಬೇಕು?

ನಾನು ಇಪ್ಪತ್ತೆರಡು ವರ್ಷ ಸಿಗರೇಟು ಸೇದಿದವನು. ಎದೆಯ ಮೇಲೆ ಇಷ್ಟಲಿಂಗ, ಅದರ ಮೇಲಿನ ಅಂಗಿ ಜೇಬಿನಲ್ಲಿ ಪ್ಯಾಕು. ಹೇಳಲು ಈಗಲೂ ನಾಚಿಕೆ. ಮನೆಯವರು ಒಂದು ದಿನ, "ಲಿಂಗಕ್ಕೂ ಹೊಗೆ ಹಾಕ್ತೀರಾ?" ಅಂದರು. ಅಂದೇ ಬಿಟ್ಟೆ. ಮೂರು ತಿಂಗಳು ತಡೆದೆ. ಶ್ರೀನಿವಾಸಪುರದ ಕಡೆ ಕೆರೆ ಕೆಲಸ ನಡೆಯುವಾಗ, ಬಿಲ್ಲಿನ ತಕರಾರಾದ ದಿನ, ಯಾರೋ ಚಾಚಿದ ಒಂದನ್ನು ತೆಗೆದುಕೊಂಡೆ. ಸಂಜೆಗೆ ಒಂದು ಪ್ಯಾಕು ಮುಗಿದಿತ್ತು.

ಕೆರೆ ಕೆಲಸ ಮಾಡಿಸಿದವನಿಗೆ ಇದು ಮೊದಲೇ ತಿಳಿಯಬೇಕಿತ್ತು. ಕೋಡಿ ಇಡದೆ ಕಟ್ಟೆಯನ್ನು ಎಷ್ಟು ಎತ್ತರಿಸಿದರೂ ಒಂದು ದೊಡ್ಡ ಮಳೆಗೆ ಒಡೆಯುತ್ತದೆ. ಮುಳಬಾಗಿಲಿನ ಯಾವ ನೀರಗಂಟಿಯನ್ನು ಕೇಳಿದರೂ ಹೇಳುವ ಮಾತು, ಇಂಜಿನಿಯರಿಗೆ ತಡವಾಗಿ ಹೊಳೆಯಿತು.

ಎರಡನೆಯ ಸಲ, ಬಿಡುವ ಮೊದಲು, ಒಂದು ವಾರ ಸೇದಿದ ಹೊತ್ತನ್ನೆಲ್ಲ ಬರೆದಿಟ್ಟೆ. ಊಟದ ಮೇಲೆ, ಟೀ ಜೊತೆ, ಮೇಲಧಿಕಾರಿಯ ಫೋನು ಇಟ್ಟ ಮೇಲೆ. ಊಟದ ಮೇಲೆ ಏಲಕ್ಕಿ ಹಾಕಿಕೊಂಡೆ. ಟೀ ಬಿಟ್ಟು ಮಜ್ಜಿಗೆ ಹಿಡಿದೆ. ಫೋನಾದ ಮೇಲೆ ಕಟ್ಟೆಯ ಮೇಲೊಂದು ಸುತ್ತು. ಬಯಕೆ ಬಂದರೆ ಕೆಲವು ನಿಮಿಷ ದಾಟಿಸಬೇಕು, ಇಳಿಯುತ್ತದೆ. ಸಂಜೆಯದೇ ಕಷ್ಟ. ಆ ಹೊತ್ತಿಗೆ ಲಿಂಗಪೂಜೆಗೆ ಕುಳಿತೆ. ಮೊದಮೊದಲು ಮನಸ್ಸೆಲ್ಲ ಸಿಗರೇಟಿನ ಮೇಲೇ. ಅದನ್ನು ಪೂಜೆ ಎನ್ನಲಾರೆ. ಆದರೆ ಅಂಗೈ ಖಾಲಿ ಇರಲಿಲ್ಲ.

ಕುಡಿತದ ಮಾತು ಬೇರೆ. ಬಹುಕಾಲ ದಿನವೂ ವಿಪರೀತ ಕುಡಿದವರಿಂದ ಆಣೆ ಹಾಕಿಸಿ ಒಮ್ಮೆಲೇ ನಿಲ್ಲಿಸಬೇಡಿ. ನಡುಕ, ಫಿಟ್ಸು, ಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರ ಹತ್ತಿರ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗವಿದೆ. ಜೋಳಿಗೆಯೂ ಜೊತೆಗಿರಲಿ. ನನ್ನ ತಮ್ಮನ ವಿಷಯದಲ್ಲಿ ನಮಗೆ ಇದು ತಿಳಿದಿರಲಿಲ್ಲ.

ನನ್ನದು ಇನ್ನೂ ಒಂದು ಉಳಿದಿದೆ: ರಾತ್ರಿ ಹನ್ನೊಂದರವರೆಗೆ ಮೊಬೈಲು. ಹೋದ ಸೋಮವಾರದಿಂದ ಆ ಹೊತ್ತನ್ನೂ ಬರೆದಿಡುತ್ತಿದ್ದೇನೆ.