ಮೊದಲ ರಕ್ತದಿಂದ ಸರಿಯಾದ ಔಷಧದವರೆಗೆ



ವೈದ್ಯರ ಸಮ್ಮೇಳನದ ಅಧ್ಯಕ್ಷ ಭಾಷಣವೆಂದರೆ ರೋಗದ ಚರಿತ್ರೆ ಹೇಳಿ, ಹೊಸ ಔಷಧಗಳ ಪಟ್ಟಿ ಓದಿ ಮುಗಿಸುವುದು ವಾಡಿಕೆ. ಆ ಔಷಧಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ನಾಳೆ ಮಾತಾಡುತ್ತಾರೆ. ನನ್ನದು ಒಂದೇ ತಕರಾರು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಉರಿಯೂತ, ಹುಣ್ಣು ಆಗುವ ಅಲ್ಸರೇಟಿವ್ ಕೊಲೈಟಿಸ್ ಮರುಕಳಿಸಿದಾಗ, ಮಲದಲ್ಲಿ ಮೊದಲು ರಕ್ತ ಕಂಡ ದಿನಕ್ಕೂ ಸರಿಯಾದ ಔಷಧ ಶುರುವಾದ ದಿನಕ್ಕೂ ನಡುವೆ ವಾರಗಟ್ಟಲೆ ಪೋಲಾಗುತ್ತಿದೆ. ಕರುಳು ಹಾಳಾಗುವುದು ಆ ವಾರಗಳಲ್ಲಿ.

ಆ ವಾರಗಳು ಎಲ್ಲಿ ಹೋಗುತ್ತವೆ ಎಂಬುದು ನಿಮಗೇ ಗೊತ್ತು. ಮೊದಲು "ಉಷ್ಣ ಆಗಿದೆ" ಎಂದು ಮಜ್ಜಿಗೆ, ಎಳನೀರು. ಕರಾವಳಿಯ ಮನೆಯಾದರೆ ಪುನರ್ಪುಳಿ ಸಾರು. ಆಮೇಲೆ ಮೆಡಿಕಲ್ ಶಾಪಿನವರು ಕೊಟ್ಟ ಮೆಟ್ರೊನಿಡಜೋಲ್. ಅದಕ್ಕೂ ಬಗ್ಗದಿದ್ದರೆ ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆದಿರುವ ಮೂಲವ್ಯಾಧಿ ಚಿಕಿತ್ಸಾಲಯ. ಸೊಂಟ, ಕೀಲು ನೋವೆಂದರೆ ಒಂದು ಡೈಕ್ಲೊಫೆನಾಕ್ ಇಂಜೆಕ್ಷನ್. ಈ ಜಾತಿಯ ನೋವಿನ ಔಷಧಗಳೇ ಕೆಲವರಲ್ಲಿ ಕಾಯಿಲೆಯನ್ನು ಕೆರಳಿಸುತ್ತವೆ ಎಂದು ರೋಗಿಗೆ ಯಾರೂ ಹೇಳಿರುವುದಿಲ್ಲ. ನೋವಿಗೆ ಪ್ಯಾರಸಿಟಮಾಲ್ ಕೊಡಿ, ಸಾಕು.

ನನ್ನ ಬಳಿ ಬರುವವರಲ್ಲಿ ಒಬ್ಬರು ಬಸ್ ಕಂಡಕ್ಟರ್. ತಮ್ಮ ರೂಟಿನಲ್ಲಿ ಯಾವ ನಿಲ್ದಾಣದ ಶೌಚಾಲಯಕ್ಕೆ ಚಿಲಕವಿದೆ, ಯಾವುದರಲ್ಲಿ ನೀರು ಬರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಕಾಯಿಲೆ ಕೆರಳಿದಾಗ ಡ್ಯೂಟಿ ಮುಗಿಯುವವರೆಗೆ ಏನೂ ತಿನ್ನುವುದಿಲ್ಲ. ಮಾತ್ರೆ ಯಾಕೆ ಬಿಟ್ಟಿರಿ ಎಂದು ಕೇಳಿದರೆ, "ಹುಷಾರಾಗಿದ್ನಲ್ಲ ಸಾರ್, ಸುಮ್ನೆ ಯಾಕೆ ಅಂತ ಬಿಟ್ಟೆ" ಎಂದರು. ಮರುಕಳಿಸಲು ಇದಕ್ಕಿಂತ ಸಾಮಾನ್ಯ ಕಾರಣವನ್ನು ನಾನು ಕಂಡಿಲ್ಲ. ಇದರಲ್ಲಿ ಅವರ ತಪ್ಪಿಗಿಂತ, ಹುಷಾರಾಗಿರುವುದೇ ಮಾತ್ರೆಯಿಂದ ಎಂದು ಬಿಡಿಸಿ ಹೇಳದವರ ತಪ್ಪು ದೊಡ್ಡದು.

ಇನ್ನು ತಾಲ್ಲೂಕಿನ ವೈದ್ಯರಿಗೆ ಒಂದು ಹಳೆಯ ಅಳತೆಗೋಲನ್ನು ನೆನಪಿಸುತ್ತೇನೆ. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಈ ಕಾಯಿಲೆಗೆ ಕಾರ್ಟಿಸೋನ್ ಕೊಟ್ಟು ನೋಡಿದ ತಮ್ಮ ಅಧ್ಯಯನದಲ್ಲಿ ಬಳಸಿದ್ದು. ಇಂದು ನಾವು ಅದನ್ನು ಓದುವ ರೀತಿ ಹೀಗೆ: ದಿನಕ್ಕೆ 6 ಸಲ ಅಥವಾ ಹೆಚ್ಚು ರಕ್ತಭೇದಿ, ಅದರ ಜೊತೆ ನಾಡಿ 90 ದಾಟಿದ್ದರೆ, ಅಥವಾ ಜ್ವರ 37.8 ಡಿಗ್ರಿ ಸೆಲ್ಸಿಯಸ್ ಮೀರಿದ್ದರೆ, ಅಥವಾ ಹಿಮೊಗ್ಲೋಬಿನ್ 10.5ಕ್ಕಿಂತ ಕೆಳಗಿದ್ದರೆ, ಅಥವಾ ಇಎಸ್‌ಆರ್ 30 ದಾಟಿದ್ದರೆ, ಅದು ತೀವ್ರ ಉಲ್ಬಣ. ಆ ರಕ್ತಭೇದಿಯ ಜೊತೆ ಈ ನಾಲ್ಕರಲ್ಲಿ ಒಂದಿದ್ದರೂ ಅಡ್ಮಿಟ್ ಮಾಡಿಸಬೇಕು. ಇದಕ್ಕೆ ಬೇಕಾದದ್ದು ಥರ್ಮಾಮೀಟರು, ಕೈಗಡಿಯಾರ, ಒಂದು ಸಣ್ಣ ಲ್ಯಾಬು. ಅಂಥ ರೋಗಿಗೆ ಭೇದಿ ನಿಲ್ಲಲೆಂದು ಲೊಪೆರಮೈಡ್ ಕೊಡುವ ಸಾಹಸ ಬೇಡ. ದೊಡ್ಡ ಕರುಳು ಬಲೂನಿನಂತೆ ಉಬ್ಬಿ ಜೀವಕ್ಕೇ ಕುತ್ತು ಬಂದೀತು. ರಕ್ತ ಹೋಗುತ್ತಿದ್ದರೂ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುತ್ತೇವೆಂದರೆ ಮನೆಯವರು ಗಾಬರಿಯಾಗುತ್ತಾರೆ. ಉರಿಯೂತ ಜೋರಾಗಿರುವಾಗ ಕಾಲಿನ, ಶ್ವಾಸಕೋಶದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚೆಂದು ಅವರನ್ನು ಕೂರಿಸಿಕೊಂಡು ವಿವರಿಸಬೇಕು. ರಕ್ತನಾಳದ ಮೂಲಕ ಕೊಟ್ಟ ಸ್ಟೀರಾಯ್ಡ್ ಕೆಲಸ ಮಾಡುತ್ತಿದೆಯೇ ಎಂಬುದನ್ನು ಮೂರನೆಯ ದಿನ ನಿರ್ಧರಿಸಬೇಕು, ಹತ್ತನೆಯ ದಿನ ಅಲ್ಲ. ಸರ್ಜನ್ ರೋಗಿಯನ್ನು ಮೊದಲ ದಿನವೇ ನೋಡಿರಲಿ.

ರಕ್ತಭೇದಿಯೆಲ್ಲ ಕೊಲೈಟಿಸಿನ ಉಲ್ಬಣವೇ ಆಗಬೇಕಿಲ್ಲ. ಮಲಪರೀಕ್ಷೆ ಮಾಡಿಸದೆ ಸ್ಟೀರಾಯ್ಡ್ ಬರೆಯಬೇಡಿ. ಅಮೀಬಾ ಇರಬಹುದು, ಆಂಟಿಬಯೋಟಿಕ್ ತಿಂದವರಲ್ಲಿ ಸಿ. ಡಿಫಿಸಿಲ್ ಸೋಂಕು ಇರಬಹುದು. ಕೊಲೈಟಿಸಿನ ಸೋದರ ಕಾಯಿಲೆಯಾದ ಕ್ರೋನ್ಸ್‌ನಲ್ಲಂತೂ ನಮ್ಮ ದೇಶದ ಕಷ್ಟ ಬೇರೆಯೇ: ಕರುಳಿನ ಕ್ಷಯ ಅದರ ಹಾಗೆಯೇ ಕಾಣುತ್ತದೆ. ಇನ್‌ಫ್ಲಿಕ್ಸಿಮಾಬ್‌ನಂಥ ಔಷಧ ಕೊಟ್ಟರೆ ಮೈಯೊಳಗೆ ಮಲಗಿದ್ದ ಕ್ಷಯ ಏಳಬಹುದು. ಅದನ್ನು ಮೊದಲೇ ಹುಡುಕದೆ ಆ ಔಷಧ ಶುರು ಮಾಡಬಾರದು.

ಸ್ಟೀರಾಯ್ಡಿನ ಬಗ್ಗೆ ಇನ್ನೊಂದು ಮಾತು. ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೊನ್ ಶುರು ಮಾಡಿ, ವಾರವಾರವೂ ಇಳಿಸುತ್ತ ನಿಲ್ಲಿಸಬೇಕಾದ ಔಷಧ ಅದು. ನಮ್ಮಲ್ಲಿ ಏನಾಗುತ್ತದೆಂದರೆ, ಮಡಿಕೆ ಬಿದ್ದು ಸವೆದ ಹಳೆ ಚೀಟಿ ತೋರಿಸಿ ಪ್ರತಿಸಲವೂ ಕೊಂಡುಕೊಳ್ಳುತ್ತಾರೆ; ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಒಂದೇ ವರ್ಷದಲ್ಲಿ ಎರಡನೆಯ ಸಲ ಸ್ಟೀರಾಯ್ಡ್ ಬೇಕಾಯಿತೆಂದರೆ ಅಜಥಯೊಪ್ರಿನ್ ಅಥವಾ ಇನ್‌ಫ್ಲಿಕ್ಸಿಮಾಬ್‌ನಂಥ ಬಯಲಾಜಿಕ್ ಔಷಧದ ಯೋಚನೆ ಮಾಡಲೇಬೇಕು. ಅಜಥಯೊಪ್ರಿನ್ ಪರಿಣಾಮ ತೋರಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಶುರುವಿನಲ್ಲಿ ರಕ್ತಕಣಗಳ ಎಣಿಕೆ ಪದೇ ಪದೇ ನೋಡಬೇಕು.

ಅತ್ಯಂತ ಕಡಿಮೆ ಬಳಕೆಯಾಗುವ ಒಳ್ಳೆಯ ಔಷಧ ಯಾವುದೆಂದು ಕೇಳಿದರೆ ನಾನು ಮೆಸಲಮೈನ್ ಎನಿಮಾ ಎನ್ನುತ್ತೇನೆ. ಕಾಯಿಲೆ ಗುದನಾಳದಲ್ಲೋ ದೊಡ್ಡ ಕರುಳಿನ ಎಡಭಾಗದಲ್ಲೋ ಇದ್ದರೆ, ಮಾತ್ರೆಯ ಜೊತೆ ಎನಿಮಾ ಅಥವಾ ಸಪೊಸಿಟರಿ ಸೇರಿಸಿದಾಗ ಬರೀ ಮಾತ್ರೆಗಿಂತ ಬೇಗ ಗುಣ ಕಾಣುತ್ತದೆ. ಆದರೆ ಚೀಟಿಯಲ್ಲಿ ಬರೆದು, "ರಾತ್ರಿ ಹಾಕ್ಕೊಳ್ಳಿ" ಎಂದಷ್ಟೇ ಹೇಳಿ ಮುಂದಿನವರನ್ನು ಕರೆಯುತ್ತೇವೆ. ನಾಚಿಕೆ ರೋಗಿಗಿಂತ ನಮಗೇ ಜಾಸ್ತಿ. ಮಲಗುವ ಮುಂಚೆ ಹೊರಕಡೆಗೆ ಹೋಗಿ ಬಂದು, ಎಡಮಗ್ಗುಲಿಗೆ ಮಲಗಿ, ಮೇಲಿನ ಕಾಲು ಮಡಚಿ, ಮೆಲ್ಲಗೆ ಒತ್ತಬೇಕು. ಆಮೇಲೆ ಅರ್ಧ ಗಂಟೆ ಎದ್ದೇಳಬಾರದು. ಇದನ್ನು ಹೇಳಲು ಎರಡು ನಿಮಿಷ ಸಾಕು. ಹತ್ತು ಜನರಿಗೆ ಒಂದೇ ಬಚ್ಚಲಿರುವ ಮನೆಯ ಸೊಸೆಗೆ ಇದು ಯಾವ ಹೊತ್ತಿನಲ್ಲಿ ಸಾಧ್ಯ ಎಂದೂ ಕೇಳಬೇಕು. ಆಕೆ ಬಸುರಿಯಾದ ಕೂಡಲೇ ಮನೆಯವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಮೆಸಲಮೈನ್, ಅಜಥಯೊಪ್ರಿನ್ ನಿಲ್ಲಿಸಬೇಕಿಲ್ಲ. ಕೂಸಿಗೆ ಅಪಾಯ ಹೆಚ್ಚಿರುವುದು ಕಾಯಿಲೆ ಕೆರಳಿದರೆ. ಆದರೆ ಮೆಥೊಟ್ರೆಕ್ಸೇಟ್ ಗರ್ಭ ಧರಿಸುವ ಮೊದಲೇ ಬಿಡಬೇಕಾದ ಔಷಧ.

ಪಥ್ಯದ ಪ್ರಶ್ನೆ ಬಾರದ ದಿನವಿಲ್ಲ. ಎಲ್ಲ ಬಿಟ್ಟು ಗಂಜಿಯಲ್ಲೇ ತಿಂಗಳು ಕಳೆದು, ಬಟ್ಟೆ ಸಡಿಲವಾಗಿ ಬರುವವರನ್ನು ನೋಡಿ ನನಗೆ ಸಿಟ್ಟೇ ಬರುತ್ತದೆ. ಉಲ್ಬಣದಲ್ಲಿ ಖಾರ, ಹಸಿ ತರಕಾರಿ ಕಡಿಮೆ ಮಾಡಿ. ಮೆತ್ತನೆ ಅನ್ನ, ಬೇಳೆಕಟ್ಟು, ಬಾಳೆಹಣ್ಣು, ತಿನ್ನುವವರಾದರೆ ಮೊಟ್ಟೆ, ಒಗ್ಗಿದರೆ ಮೊಸರು. ಕ್ರೋನ್ಸ್ ಇರುವವರು ಬೀಡಿ ಸಿಗರೇಟು ಬಿಡಲೇಬೇಕು.

ನಿಮ್ಮ ಕೈಗೆ ಕೊಟ್ಟಿರುವ ಚೀಲದಲ್ಲಿ ಒಂದು ಪುಟದ ಕನ್ನಡ ಹಾಳೆಯಿದೆ. ರಕ್ತ ಕಂಡರೆ ಮನೆಯಲ್ಲೇ ಏನು ಶುರು ಮಾಡಬಹುದು, ಯಾವ ಪರೀಕ್ಷೆ ಮಾಡಿಸಬೇಕು, ಯಾರಿಗೆ ಫೋನು ಮಾಡಬೇಕು, ಯಾವ ಲಕ್ಷಣ ಕಂಡರೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು ಎಂಬುದು ಅದರಲ್ಲಿದೆ. ಸ್ಟೀರಾಯ್ಡನ್ನು ತಾವಾಗಿ ಶುರು ಮಾಡಬಾರದೆಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇವೆ. ಔಷಧದ ಹೆಸರು, ಪ್ರಮಾಣದ ಜಾಗ ಖಾಲಿಯಿದೆ. ಅದನ್ನು ಪ್ರತಿಯೊಬ್ಬ ರೋಗಿಗೂ ಅವರ ವೈದ್ಯರೇ ತುಂಬಿ ಕೊಡಬೇಕು. ಇದಿನ್ನೂ ಕರಡು. ಸಂಜೆಯ ಗೋಷ್ಠಿಗೆ ಮುಂಚೆ ತಿದ್ದಿ ನೋಂದಣಿ ಮೇಜಿನಲ್ಲಿ ಕೊಡಿ. ಈ ಸಲ ನಮ್ಮ ಜೊತೆ ಸಭೆಯಲ್ಲಿರುವ ರೋಗಿಗಳು ತಿದ್ದಿದ ಪ್ರತಿಗಳನ್ನು ಬೇರೆ ಇಡಲು ಹೇಳಿದ್ದೇನೆ. ಮೊದಲು ಓದುವುದು ಅವನ್ನೇ.