ಹಗ್ಗದೊಳಗಿನ ಜೋಳ

ಸಂಕ್ರಾಂತಿ ದಾಟಿ, ಸೀತನಿ ತಿನ್ನುವ ದಿನಗಳೂ ಮುಗಿದು, ಹುನಗುಂದದ ಎರಿ ಹೊಲಗಳಲ್ಲಿ ಬಿಳಿಜೋಳದ ಕಾಳು ಗಟ್ಟಿಯಾಗುವ ಹೊತ್ತಿಗೆ ಕೆಲವು ಹೊಲಗಳಿಗೆ ಸರ್ಕಾರಿ ಸಿಬ್ಬಂದಿ ಬರುತ್ತಾರೆ. ಕೈಯಲ್ಲಿ ಅಳತೆಯ ಟೇಪು, ಹಗ್ಗ, ನಾಲ್ಕು ಗೂಟ, ತಕ್ಕಡಿ. ಇದು ಬೆಳೆ ಕಟಾವು ಪ್ರಯೋಗ. ನಿಮ್ಮೂರಲ್ಲಿ ನಡೆದರೆ ತಪ್ಪದೇ ಹೋಗಿ ನೋಡಿ, ಮಕ್ಕಳೇ. ಗಣಿತ ಪುಸ್ತಕದ ದತ್ತಾಂಶ ಸಂಗ್ರಹದ ಪಾಠ ಅಲ್ಲಿ ಹೊಲದೊಳಗೇ ನಡೆಯುತ್ತಿರುತ್ತದೆ.

ಈ ವರ್ಷ ಜೋಳ ಎಷ್ಟು ಬೆಳೆಯಿತು ಎಂದು ತಿಳಿಯಬೇಕು. ಪ್ರತಿ ಹೊಲದ ರಾಶಿಯನ್ನೂ ತೂಗಲು ಹೋದರೆ ಮುಂದಿನ ಬಿತ್ತನೆ ಬಂದರೂ ಲೆಕ್ಕ ಮುಗಿಯದು. ಅದಕ್ಕೇ ಕೆಲವೇ ಹೊಲ ನೋಡುತ್ತಾರೆ. ಯಾವ ಹೊಲ? ಸರ್ವೆ ನಂಬರುಗಳ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸಿದ್ದು. ಹೊಲದಲ್ಲಿ ಯಾವ ಜಾಗ? ಅದನ್ನೂ ಯಾರೂ ಕಣ್ಣಿನಿಂದ ಆರಿಸುವಂತಿಲ್ಲ. ನೈಋತ್ಯದ ಮೂಲೆಯಲ್ಲಿ ನಿಂತು, ಮೊದಲೇ ಸಿಕ್ಕ ಎರಡು ಸಂಖ್ಯೆಗಳಂತೆ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ನಡೆಯಬೇಕು. ನಿಂತಲ್ಲಿ ಗೂಟ ಹೊಡೆದು 5 ಮೀಟರ್ ಉದ್ದ, 5 ಮೀಟರ್ ಅಗಲಕ್ಕೆ ಹಗ್ಗ ಕಟ್ಟಬೇಕು.

‘ಸಾಹೇಬ್ರ, ಆ ಬದುವಿನ ಕಡೆ ತೆನಿ ಭಾಳ ಛಲೋ ಅದಾವ್ರಿ’ ಎಂದು ಒಬ್ಬ ರೈತರು ಹೆಮ್ಮೆಯಿಂದ ಕರೆದಾರು. ಬೆಳೆ ವಿಮೆಯ ಹಣ ಬಂದರೆ ಸಾಲ ತೀರೀತು ಎಂದು ಕಾಯುವ ಇನ್ನೊಬ್ಬರು, ‘ಈ ಮೂಲ್ಯಾಗ ಎಲ್ಲಾ ಒಣಗೇದ್ರಿ, ಇಲ್ಲಿ ನೋಡ್ರಿ’ ಎಂದಾರು. ಇಬ್ಬರ ಮಾತೂ ಸುಳ್ಳಲ್ಲ. ಬದುವಿನ ಬಳಿ ನೀರು ನಿಂತು ಬೆಳೆ ಹುಲುಸಾಗಿರುತ್ತದೆ, ಮೂಲೆಯಲ್ಲಿ ನಿಜಕ್ಕೂ ಒಣಗಿರುತ್ತದೆ. ಆದರೆ ನಮಗೆ ಬೇಕಾದದ್ದು ಇಡೀ ಹೊಲದ ಸುದ್ದಿ. ಹೀಗೆ ಯಾರ ಇಷ್ಟಕ್ಕೂ ಬಿಡದೆ ಆರಿಸಿದ ತುಂಡಿಗೆ ಯಾದೃಚ್ಛಿಕ ಮಾದರಿ ಎಂದು ಹೆಸರು.

ಈಗ ಲೆಕ್ಕ. ಹಗ್ಗದೊಳಗಿನ ನೆಲ 25 ಚದರ ಮೀಟರ್. ಒಂದು ಹೆಕ್ಟೇರ್ ಎಂದರೆ 10,000, ಅಂದರೆ ಅದರ 400 ಪಟ್ಟು. ಒಣಗಿಸಿ ತೂಗಿದಾಗ 3 ಕಿಲೊ ಕಾಳು ಬಂತೆನ್ನಿ. ಹೆಕ್ಟೇರಿಗೆ 1,200 ಕಿಲೊ, 12 ಕ್ವಿಂಟಾಲ್. ಇಂಥ ಹಲವು ಹೊಲಗಳ ಸರಾಸರಿ ತೆಗೆದರೆ ಆ ಸೀಮೆಯ ಇಳುವರಿ ಗೊತ್ತಾಗುತ್ತದೆ.

ಅಷ್ಟು ದೊಡ್ಡ ತುಂಡು ಯಾಕೆ, ಒಂದು ಮೀಟರಿನದೇ ಸಾಲದೇ? ನನಗೆ ತುಂಬ ಇಷ್ಟವಾದ ಸಂಗತಿ ಇಲ್ಲಿದೆ. ತುಂಡು ತೀರ ಚಿಕ್ಕದಾದರೆ ಇಳುವರಿ ನಿಜಕ್ಕಿಂತ ಹೆಚ್ಚು ಕಾಣುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ 1940ರ ದಶಕದಲ್ಲಿ ತೋರಿಸಿದರು. ಹಗ್ಗದ ಅಂಚಿಗೆ ತುಂಬಿದ ತೆನೆಯೊಂದು ನಿಂತಿದ್ದರೆ ಕೊಯ್ಯುವ ಕೈ ಅದನ್ನು ಒಳಗೇ ಸೇರಿಸಿಕೊಳ್ಳುತ್ತದೆ. ಒಂದು ಮೀಟರಿನ ಚೌಕದಲ್ಲಿ ಒಂದು ಚದರ ಮೀಟರ್ ನೆಲಕ್ಕೆ 4 ಮೀಟರ್ ಅಂಚು. ಐದು ಮೀಟರಿನ ಚೌಕದಲ್ಲಿ 25 ಚದರ ಮೀಟರಿಗೆ 20 ಮೀಟರ್ ಅಂಚು. ಭಾಗಿಸಿ ನೋಡಿ: ಒಂದು ಚದರ ಮೀಟರಿಗೆ 0.8 ಮೀಟರ್ ಅಷ್ಟೇ. ಅಂಚು ಕಡಿಮೆಯಾದಷ್ಟೂ ಕೈತಪ್ಪಿನ ಪಾಲೂ ಕಡಿಮೆ.

ಬಾದಾಮಿಯ ಮಕ್ಕಳು ಮಂಗಗಳನ್ನು ಎಣಿಸಲು ಹೊರಟರೂ ಇದೇ ಎಚ್ಚರ ಬೇಕು. ಪ್ರವಾಸಿಗರ ಕೈಯಲ್ಲಿ ಬಾಳೆಹಣ್ಣು ಕಾಣುವ ಗುಹೆಯ ಮೆಟ್ಟಿಲ ಬಳಿ ಮಾತ್ರ ಎಣಿಸಿ, ಅದನ್ನು ಇಡೀ ಊರಿಗೆ ಗುಣಿಸಿದರೆ ಬಾದಾಮಿಯಲ್ಲಿ ಜನರಿಗೆ ಜಾಗವೇ ಉಳಿಯದು!

ಇಳಕಲ್ಲಿನ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ವಾರ್ಡಿನಲ್ಲಿ ನೂರಕ್ಕೆ ಎಷ್ಟು ಮನೆಗಳಲ್ಲಿ ಸೀರೆಯ ಮಗ್ಗವಿದೆ? ಲಾಳಿಯ ಸದ್ದು ಕೇಳುವ ಓಣಿಗೆ ಹೋದರೆ ಮನೆಮನೆಗೂ ಮಗ್ಗ ಎನ್ನಿಸುತ್ತದೆ, ಗ್ರಾನೈಟ್ ಕೆಲಸದವರ ಓಣಿಗೆ ಹೋದರೆ ಮಗ್ಗವೇ ಇಲ್ಲ ಎನ್ನಿಸುತ್ತದೆ. ಆದ್ದರಿಂದ ಎಲ್ಲ ಮನೆಗಳಿಗೂ 1ರಿಂದ ಸಂಖ್ಯೆ ಕೊಟ್ಟು ಚೀಟಿ ಬರೆಯಿರಿ. ಡಬ್ಬಿಗೆ ಹಾಕಿ ಚೆನ್ನಾಗಿ ಕುಲುಕಿ 20 ಚೀಟಿ ಎತ್ತಿರಿ. ಪ್ರಶ್ನೆ ನೇರವಾಗಿರಲಿ: ‘ಈ ವಾರ ನಿಮ್ಮ ಮನ್ಯಾಗ ಮಗ್ಗ ನಡದೈತೇನ್ರಿ?’ ‘ಮೊದಲಿತ್ತು, ಮಾರಿಬಿಟ್ವಿ’ ಎಂದರೆ ಅದನ್ನೂ ಬರೆದುಕೊಳ್ಳಿ. ಆ ಉತ್ತರಕ್ಕೆ ಬೇರೆ ಕಾಲಂ ಬೇಕು.

ಚೀಟಿಯಲ್ಲಿ ಬಂದ ಮನೆಗೆ ಹೋದಾಗ ಬೀಗ ಕಂಡರೆ? ಪಕ್ಕದ ಮನೆಯನ್ನು ಕೇಳಿ ಲೆಕ್ಕ ಮುಗಿಸುವ ಆಸೆಯಾಗುತ್ತದೆ. ಬೇಡ. ಮಗ್ಗವಿರುವ ಮನೆಯಲ್ಲಿ ಹಗಲು ಹೊತ್ತು ಯಾರಾದರೂ ನೇಯುತ್ತ ಕೂತಿರುತ್ತಾರೆ. ಬೀಗ ಬಿದ್ದಿರುವುದು ಹೆಚ್ಚಾಗಿ ಹೊರಗೆ ದುಡಿಯಲು ಹೋದವರ ಮನೆಗೇ. ಅವರನ್ನು ಬಿಟ್ಟರೆ ನಿಮ್ಮ ಲೆಕ್ಕದಲ್ಲಿ ಮಗ್ಗಗಳು ಸುಮ್ಮನೆ ಹೆಚ್ಚಾಗುತ್ತವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದೇ ಮನೆಯ ಬಾಗಿಲು ಇನ್ನೊಮ್ಮೆ ಬಡಿಯಿರಿ.